ಹೊಂಗೆ ಎಣ್ಣೆ ಹಾಕಿದರೆ ಡೀಸೆಲ್ ಪಂಪಿನ ಹೊಗೆ ಕಡಿಮೆ ಆಗುತ್ತಾ?

ತೋಟದ ಡೀಸೆಲ್ ಪಂಪಿಗೆ ಹೊಂಗೆ ಎಣ್ಣೆ ಹಾಕಿದರೆ ಹೊಗೆ ಇಳಿಯುತ್ತಾ ಅಂತ ಕೇಳಿದ್ದೀರಿ. ಗಾಣದಿಂದ ತಂದದ್ದನ್ನೇ ಸುರಿದರೆ ಇಳಿಯುವುದಿಲ್ಲ, ಜಾಸ್ತಿಯೇ ಆಗುತ್ತದೆ. ಅದೇ ಎಣ್ಣೆಯನ್ನು ಸಂಸ್ಕರಿಸಿ ತೆಳ್ಳಗೆ ಮಾಡಿದ ಬಯೋಡೀಸೆಲ್ ಹಾಕಿದರೆ ಇಳಿಯುತ್ತದೆ.

ಮೊದಲನೆಯದನ್ನು ಮಾಡಿ ಕೈ ಸುಟ್ಟುಕೊಂಡವನು ನಾನು. ನಮ್ಮದು ಮಧುಗಿರಿ ಕಡೆ, ಬದುವಿನ ತುಂಬಾ ಹೊಂಗೆ ಮರ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ಅಂತ ಓದಿದ್ದೆ. ನಮ್ಮ ಹೊಂಗೆ ಏನು ಕಮ್ಮಿ ಅಂತ ಡೀಸೆಲ್‌ಗೆ ಅರ್ಧಕ್ಕರ್ಧ ಬೆರೆಸಿದೆ. ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು, ಸೈಲೆನ್ಸರಿನಿಂದ ಕಪ್ಪು ಹೊಗೆ. ಮೆಕ್ಯಾನಿಕ್ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿದರೆ ತುದಿಯಲ್ಲಿ ಮಸಿ ಗಟ್ಟಿಯಾಗಿ ಕಟ್ಟಿತ್ತು. "ಏನಣ್ಣ, ಇದ್ರಲ್ಲಿ ಬೋಂಡಾ ಕರಿದ್ರಾ?" ಅಂದ.

ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಮಂಜಿನ ಹಾಗೆ ಚಿಮ್ಮುವ ಬದಲು ದಪ್ಪ ಹನಿಯಾಗಿ ಬಿದ್ದು ಅರೆಬರೆ ಉರಿಯುತ್ತದೆ. ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ ಗ್ಲಿಸರಿನ್ ಬೇರೆ ಮಾಡಿದರೆ ತೆಳ್ಳಗಾಗುತ್ತದೆ, ಅದೇ ಬಯೋಡೀಸೆಲ್. ಮನೆಯಲ್ಲಿ ಮಾಡಲು ಹೋಗಬೇಡಿ. ಮೆಥನಾಲ್ ವಿಷ. ಎಣ್ಣೆಯಲ್ಲಿ ಆಮ್ಲ ಜಾಸ್ತಿ ಇದ್ದರೆ ಸೋಪು ಆಗಿ ಕೂರುತ್ತದೆ.

ಬಯೋಡೀಸೆಲ್ ತೂಕದಲ್ಲಿ ಸುಮಾರು 10% ಆಮ್ಲಜನಕವೇ ಇರುತ್ತದೆ. ಅದಕ್ಕೇ ಮಸಿ ಕಡಿಮೆ. ಅಮೆರಿಕದ ಪರಿಸರ ಸಂಸ್ಥೆ 2002ರಲ್ಲಿ ಕೊಟ್ಟ ಲೆಕ್ಕ ನೋಡಿ (ಹೊಂಗೆಯದಲ್ಲ, ಸೋಯಾದ್ದು; ಲಾರಿ, ಬಸ್ಸಿನಂಥ ಇಂಜಿನ್‌ಗಳದ್ದು): ಡೀಸೆಲ್‌ಗೆ 20% ಬೆರೆಸಿದರೆ ಮಸಿಕಣ ಸುಮಾರು 10%, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ 11%, ಉರಿಯದೆ ಉಳಿದ ಇಂಧನ (ಹೈಡ್ರೋಕಾರ್ಬನ್) 21% ಇಳಿಯುತ್ತವೆ. ಉಸಿರಿಗೆ ಕೆಟ್ಟದಾದ ನೈಟ್ರೋಜನ್ ಆಕ್ಸೈಡ್ ಮಾತ್ರ 2% ಏರುತ್ತದೆ. ಅದುಮಿದರೆ ಬಯೋಡೀಸೆಲ್ ಡೀಸೆಲ್‌ನಷ್ಟು ಕುಗ್ಗುವುದಿಲ್ಲ. ಹಾಗಾಗಿ ಹಳೇ ಇಂಜಿನ್‌ಗಳಲ್ಲಿ ಕೊಂಚ ಬೇಗ ಚಿಮ್ಮಿ, ಉರಿಯ ಕಾವು ಏರುತ್ತದೆ. ಆ ಕಾವಿಗೆ ಗಾಳಿಯಲ್ಲಿರುವ ನೈಟ್ರೋಜನ್ ಆಮ್ಲಜನಕದ ಜೊತೆ ಕೂಡಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಲ್ವಾ.

ಗಂಧಕದ ವಿಷಯಕ್ಕೆ ಬಂದರೆ, ಬಯೋಡೀಸೆಲ್‌ನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ; ಆದರೆ 2020ರಲ್ಲಿ ಬಂದ ಬಿಎಸ್-6 (ವಾಹನದ ಹೊಗೆಗೆ ಸರ್ಕಾರದ ಮಿತಿ) ಡೀಸೆಲ್‌ನಲ್ಲೂ ಅದು ನಾಮಕಾವಾಸ್ತೆ ಉಳಿದಿದೆ. ಬಯೋಡೀಸೆಲ್‌ನಿಂದ ಆ ಲಾಭ ಈಗ ಅಷ್ಟಕ್ಕಷ್ಟೇ.

ಇನ್ನೊಂದು, ಹೊಗೆ ತೆಳ್ಳಗಿದೆ ಅಂತ ಇಂಜಿನ್ನನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್ ಇಳಿದದ್ದು 11% ಅಷ್ಟೇ.