ಸ್ಪೀಡ್ ಬಂತು, ಕೊನೆಯ ಸ್ವರ ಎಲ್ಲಿ?

ಗಿಟಾರ್ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ: ವೇಗ ಮುಖ್ಯವೋ, ಭಾವ ಮುಖ್ಯವೋ? ಈ ಸಲ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಇದೇ. ಹಾಗಾಗಿ ಒಂದಕ್ಕೆ ಬಿಡಿಸಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚುಟುಕಾಗಿ. ಪಿಕ್ ಹಿಡಿಯುವುದು, ಶ್ರುತಿ ಮಾಡುವುದು, ಸ್ಕೇಲ್ ಅಂದರೇನು ಎಂಬುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಮೂರು ವರ್ಷದಿಂದ ದಿನಾ ಎರಡು ಗಂಟೆ ಅಭ್ಯಾಸ ಮಾಡುತ್ತಿದ್ದೇನೆ. ಮೆಟ್ರೋನೋಮ್ (ತಾಳ ಬಡಿಯುವ ಸಾಧನ) ನಿಮಿಷಕ್ಕೆ 160 ಬೀಟಿಗೆ ಇಟ್ಟು ಬೀಟಿಗೆ ನಾಲ್ಕು ಸ್ವರ ತಪ್ಪಿಲ್ಲದೆ ನುಡಿಸುತ್ತೇನೆ. ಆದರೂ ನನ್ನ ಸೋಲೋ ಕೇಳಿದ ಗೆಳೆಯರು ‘ಟೈಪಿಂಗ್ ಮಾಡಿದ ಹಾಗಿದೆ’ ಅನ್ನುತ್ತಾರೆ. ಸ್ಪೀಡ್ ಬಿಟ್ಟು ಫೀಲ್ ಕಡೆ ಹೋಗಲಾ? ಅಥವಾ ಒಳ್ಳೆ ಆಂಪ್ (ಆಂಪ್ಲಿಫೈಯರ್) ತಗೊಳ್ಳಲಾ?

ಉತ್ತರ: ಆಂಪ್ ಬೇಡ. ಸ್ಪೀಡನ್ನೂ ಬಿಡಬೇಡಿ, ಮೂರು ವರ್ಷ ಕಷ್ಟಪಟ್ಟು ಗಳಿಸಿದ್ದೀರಿ. ನಿಮ್ಮ ಗೆಳೆಯರು ಹೇಳಿದ್ದು ಮಾತ್ರ ನಿಜ ಇರಬಹುದು.

ಮೊದಲು ಒಂದು ಲೆಕ್ಕ ನೋಡಿ. 160ರಲ್ಲಿ ಬೀಟಿಗೆ ನಾಲ್ಕು ಅಂದರೆ ಸೆಕೆಂಡಿಗೆ ಹತ್ತೂವರೆಗಿಂತ ಜಾಸ್ತಿ ಸ್ವರ. ಒಂದು ಸ್ವರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. ಹಾಡುಗಾರರ ದನಿಯ ಕಂಪನ ಸೆಕೆಂಡಿಗೆ ಸುಮಾರು 5ರಿಂದ 7 ಸಲ ತೂಗುತ್ತದೆ. ಗಿಟಾರಿನ ವೈಬ್ರಾಟೊ, ಅಂದರೆ ಬೆರಳಿನಿಂದ ಸ್ವರವನ್ನು ತೂಗಿಸುವುದು, ಎಷ್ಟೋ ಸಲ ಅದಕ್ಕಿಂತಲೂ ನಿಧಾನ. ಅಂದರೆ ಒಂದು ತೂಗು ಮುಗಿಯುವುದರೊಳಗೆ ನಿಮ್ಮ ಸ್ವರವೇ ಹೋಗಿಬಿಟ್ಟಿರುತ್ತದೆ. ವೇಗದ ಸಾಲಿನ ಒಂದೊಂದು ಸ್ವರಕ್ಕೂ ಭಾವ ತುಂಬುತ್ತೇನೆ ಅನ್ನುವುದು ಆಗದ ಮಾತು. ಅಲ್ಲಿ ಕೈಗೆ ಸಿಗುವುದು ಒತ್ತು ಮತ್ತು ದನಿಯ ಏರಿಳಿತ. ಅದಕ್ಕಿಂತ ಮುಖ್ಯವಾಗಿ, ಸಾಲು ಎಲ್ಲಿ ಹೋಗಿ ನಿಲ್ಲುತ್ತದೆ ಎನ್ನುವುದು.

ಆ ನಿಲ್ಲುವ ಜಾಗದಲ್ಲೇ ಹೆಚ್ಚಿನವರು ಎಡವುತ್ತಾರೆ. ನನ್ನ ವಿದ್ಯಾರ್ಥಿ ಒಬ್ಬ ನಲವತ್ತು ಸ್ವರಗಳ ಒಂದು ಓಟವನ್ನು ಒಂದೇ ಉಸಿರಿಗೆ ನುಡಿಸಿ, ಕೊನೆಯಲ್ಲಿ ಮೂರನೇ ತಂತಿಯ 7ನೇ ಫ್ರೆಟ್‌ನಿಂದ ಒಂದು ಬೆಂಡ್ ಮಾಡಿ (ತಂತಿಯನ್ನು ಅಡ್ಡ ತಳ್ಳಿ ಸ್ವರ ಏರಿಸಿ), ಸರಕ್ಕನೆ ಕೈ ತೆಗೆದ. ಓಟ ಬೇಡ, ಆ ಕೊನೆಯ ಬೆಂಡ್ ಒಂದನ್ನೇ ನುಡಿಸು ಅಂದೆ. ಹತ್ತು ಸಲ ನುಡಿಸಿದ. ಹತ್ತು ಸಲವೂ ಬೇರೆ ಬೇರೆ ಎತ್ತರಕ್ಕೆ ಹೋಯಿತು, ಒಂದು ಸಲವೂ ಸರಿಯಾದ ಜಾಗ ಮುಟ್ಟಲಿಲ್ಲ. ಮೂವತ್ತೊಂಬತ್ತು ಸ್ವರ ಸರಿಯಾಗಿದ್ದವು. ಆದರೆ ಕೇಳುವವರ ಕಿವಿಯಲ್ಲಿ ಉಳಿಯುವುದು ಕೊನೆಯದು, ಅಲ್ವಾ?

ನೀವೂ ಇವತ್ತೇ ಇದನ್ನು ಮಾಡಿ ನೋಡಿ. ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಆಫ್ ಮಾಡಿ. ಮೂರನೇ ತಂತಿಯ 9ನೇ ಫ್ರೆಟ್ ನುಡಿಸಿ, ಆ ಸ್ವರವನ್ನು ಬಾಯಲ್ಲಿ ಹಾಡಿ, ಕಿವಿಯಲ್ಲಿ ಇಟ್ಟುಕೊಳ್ಳಿ. ಈಗ 7ನೇ ಫ್ರೆಟ್‌ಗೆ ಬಂದು ಉಂಗುರ ಬೆರಳಿಡಿ, ಹಿಂದಿನ ಎರಡು ಬೆರಳೂ ಅದೇ ತಂತಿಯ ಮೇಲೆ ಆಸರೆಗಿರಲಿ. ಬೆರಳಿನಿಂದ ತಳ್ಳಬೇಡಿ, ಬೀಗದ ಕೈ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿಸಿ. ಹಾಡಿದ ಸ್ವರ ಬಂತಾ? ಟ್ಯೂನರ್ ಇಟ್ಟು ನೋಡಿ. ಹೆಚ್ಚಿನವರು ಸ್ವಲ್ಪ ಕೆಳಗೇ ನಿಂತುಬಿಡುತ್ತಾರೆ. ಕೇಳುವವರಿಗೆ ಅದು ಏನೆಂದು ಹೇಳಲು ಬರದಿದ್ದರೂ ಹುಳಿ ಹುಳಿ ಅನ್ನಿಸುತ್ತದೆ. ಬೆಂಡ್ ಇಳಿಸುವಾಗ ಪಕ್ಕದ ತಂತಿ ಗುಂಯ್ ಅಂದರೆ ತೋರುಬೆರಳಿನ ತುದಿಯಿಂದ ಅದನ್ನು ಮುಟ್ಟಿ ಮ್ಯೂಟ್ ಮಾಡಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ನನಗೆ ಸಿಟ್ಟು ಬರುವುದು ಇಲ್ಲೇ.

ಬೆಂಡ್ ನಿಂತ ಮೇಲೆ ವೈಬ್ರಾಟೊ. ಬೆಂಡ್ ಮಾಡದ ಸ್ವರದಲ್ಲಿ ತಂತಿಯನ್ನು ಅಡ್ಡ ಎಳೆದರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತದೆ. ಬೆಂಡ್ ಮಾಡಿದ ಸ್ವರದಲ್ಲಿ ಸ್ವಲ್ಪ ಸಡಿಲಿಸಿ ಮತ್ತೆ ಅದೇ ಎತ್ತರಕ್ಕೆ ವಾಪಸ್ ಬರಬೇಕು. ಎರಡೂ ಬೇರೆ ಬೇರೆ ಕೆಲಸ. ತೂಗು ಒಂದೇ ಸಮನಾಗಿರಲಿ, ಚಳಿಗೆ ನಡುಗಿದ ಹಾಗೆ ಇರಬಾರದು. ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಅವರ ವಿಡಿಯೊ ಹಾಕಿ ಎಡಗೈ ಮಾತ್ರ ನೋಡಿ. ಹೆಬ್ಬೆರಳು ಗಿಟಾರಿನ ಕತ್ತು ಬಿಟ್ಟಿರುತ್ತದೆ, ತೋರುಬೆರಳೊಂದರ ಮೇಲೆ ಇಡೀ ಕೈ ಚಿಟ್ಟೆಯ ರೆಕ್ಕೆಯಂತೆ ಆಡುತ್ತದೆ. ಸಂಬಂಧಿ ಬುಕ್ಕಾ ವೈಟ್ ಅವರು ಸ್ಲೈಡ್‌ನಲ್ಲಿ ತೆಗೆಯುತ್ತಿದ್ದ ನಾದ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು ಸ್ಲೈಡ್) ಬೆರಳಲ್ಲಿ ಬರಬೇಕೆಂದು ಹಟ ಹಿಡಿದು ಕಿಂಗ್ ಕಂಡುಕೊಂಡ ದಾರಿ ಅದು. ಅಂದರೆ ಅದೂ ಅಭ್ಯಾಸದಿಂದ ಬಂದ ತಂತ್ರವೇ. ‘ಫೀಲ್ ಹುಟ್ಟಿನಿಂದ ಬರಬೇಕು’ ಅನ್ನುವವರನ್ನು ದಯವಿಟ್ಟು ನಂಬಬೇಡಿ. ವೇಗಕ್ಕೆ ಮೆಟ್ರೋನೋಮ್ ಇಟ್ಟು ಕೂತ ಹಾಗೆಯೇ ಇದಕ್ಕೂ ಕೂರಬೇಕು.

ಇನ್ನು ನಿಮ್ಮ ಓಟಗಳ ವಿಷಯ. ಶುರು ಮಾಡುವ ಮೊದಲೇ ಇಳಿಯುವ ಸ್ವರ ಯಾವುದು ಅಂತ ಗೊತ್ತಿರಲಿ. ಆ ಹೊತ್ತಿಗೆ ಹಿಂದೆ ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದೆಯೋ ಅದರೊಳಗಿನ ಸ್ವರವಾದರೆ ಒಳ್ಳೆಯದು. ಪಿಸುಗುಟ್ಟಿದ ಹಾಗೆ ಶುರು ಮಾಡಿ, ಏರುತ್ತಾ ಹೋಗಿ. ಎಲ್ಲ ಸ್ವರಕ್ಕೂ ಒಂದೇ ಪೆಟ್ಟು ಕೊಟ್ಟರೆ ಅದೇ ಟೈಪಿಂಗ್. ಫ್ಲಮೆಂಕೊ ಗಿಟಾರಿಸ್ಟ್ ಪಾಕೊ ದೆ ಲೂಸಿಯಾ ಅವರ ವೇಗ ಯಾರಿಗೂ ಕಡಿಮೆ ಇರಲಿಲ್ಲ. ಆದರೂ ಅವರ ಓಟದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ಕೈತಟ್ಟಿ ತೋರಿಸಬಹುದು. ನಿಮ್ಮ ಓಟಕ್ಕೆ ಹಾಗೆ ಕೈತಟ್ಟಲು ಆಗುತ್ತದಾ?

ಕೊನೆಗೆ ಉಸಿರು. ಕೊಳಲು ನುಡಿಸುವವರಿಗೆ ಉಸಿರು ಮುಗಿಯುತ್ತದೆ, ನಿಲ್ಲಲೇಬೇಕು. ಗಿಟಾರ್‌ನವರನ್ನು ತಡೆಯುವವರು ಯಾರೂ ಇಲ್ಲ, ಅದಕ್ಕೇ ನಾವು ನಿಲ್ಲುವುದಿಲ್ಲ. ಒಂದು ತಿಂಗಳು ಹೀಗೆ ಮಾಡಿ: ಸೋಲೋವನ್ನು ಬಾಯಲ್ಲಿ ಹಾಡಿಕೊಂಡೇ ನುಡಿಸಿ, ಉಸಿರು ತೆಗೆದುಕೊಳ್ಳುವಾಗ ಕೈಯೂ ನಿಲ್ಲಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಅವತ್ತೇ ಕೇಳಬೇಡಿ, ಮಾರನೇ ದಿನ ಕೇಳಿ. ಕೈಯ ನೆನಪು ಆರಿದ ಮೇಲೆ ಕಿವಿ ಸುಳ್ಳು ಹೇಳುವುದಿಲ್ಲ.

ಪ್ರಶ್ನೆ: ನಿಧಾನವಾಗಿ ನುಡಿಸುವವರೇ ನಿಜವಾದ ಕಲಾವಿದರು, ಶ್ರೆಡ್ಡಿಂಗ್ (ತೀರಾ ವೇಗವಾಗಿ ನುಡಿಸುವುದು) ಬರೀ ಸರ್ಕಸ್, ಅಲ್ಲವೇ?

ಉತ್ತರ: ಅಲ್ಲ. ನಿಧಾನವಾಗಿ ಕೆಟ್ಟದಾಗಿ ನುಡಿಸುವವರನ್ನೂ ಬೇಕಾದಷ್ಟು ಕೇಳಿದ್ದೇನೆ. 1978ರಲ್ಲಿ ವ್ಯಾನ್ ಹೇಲನ್ ರಾಕ್ ತಂಡದ ಮೊದಲ ಆಲ್ಬಂ ಬಂದಾಗ ಎಲ್ಲರೂ ಅದರ ಗಿಟಾರಿಸ್ಟ್ ಎಡ್ಡಿಯವರ ಟ್ಯಾಪಿಂಗ್ (ಪಿಕ್ ಕೈಯ ಬೆರಳಿನಿಂದಲೂ ಫ್ರೆಟ್ ಮೇಲೆ ತಟ್ಟಿ ನುಡಿಸುವುದು) ಹಿಂದೆ ಬಿದ್ದರು. ಅವರ ರಿದಮ್ ಕೈ ಎಷ್ಟು ಬಿಗಿ ಇತ್ತು ಅನ್ನುವುದನ್ನು ಕೇಳಿಸಿಕೊಂಡವರು ಕಡಿಮೆ.

ಪ್ರಶ್ನೆ: ನಾದವೆಲ್ಲ ಬೆರಳಲ್ಲೇ ಇದೆ, ಸಾಮಾನು ಯಾವುದಾದರೂ ಆಗುತ್ತದೆ ಅನ್ನುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಆಂಪ್ ಎಲ್ಲ ನಾದವನ್ನು ಬದಲಿಸುತ್ತವೆ, ಆದರೆ ತಪ್ಪಿದ ಬೆಂಡನ್ನು ಯಾವುದೂ ಸರಿ ಮಾಡುವುದಿಲ್ಲ. ರಾಕ್ ಗಿಟಾರಿಸ್ಟ್ ಜೆಫ್ ಬೆಕ್ ಪಿಕ್ಕನ್ನೇ ಬಿಟ್ಟು ಬೆರಳಿಗೆ ಬಂದರು. ಕಿರುಬೆರಳು ವಾಲ್ಯೂಮ್ ನಾಬ್ ಮೇಲೆ, ಅಂಗೈ ಸ್ವರ ಏರಿಳಿಸುವ ಟ್ರೆಮೊಲೊ ಬಾರ್ ಹತ್ತಿರ. ನಿಮ್ಮ ಗಿಟಾರಿನಲ್ಲೂ ವಾಲ್ಯೂಮ್ ನಾಬ್ ಇದೆ. ಸೋಲೋ ನಡುವೆ ಅದನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ?

ಪ್ರಶ್ನೆ: 0.010 ಇಂಚಿನ ಬದಲು ಇನ್ನೂ ತೆಳುವಾದ 0.009 ಇಂಚಿನ ತಂತಿ ಹಾಕಿದರೆ ಸ್ಪೀಡ್ ಬರುತ್ತದಾ?

ಉತ್ತರ: ಬೆಂಡ್ ಸುಲಭವಾಗುತ್ತದೆ. ಸ್ಪೀಡ್ ಬರುವುದಿಲ್ಲ.

ಪ್ರಶ್ನೆ: ‘30 ದಿನದಲ್ಲಿ 200 ಬಿಪಿಎಂ’ (ನಿಮಿಷಕ್ಕೆ 200 ಬೀಟ್) ಕೋರ್ಸ್ ಸೇರಬಹುದಾ? ಜೊತೆಗೆ ಬೆರಳಿಗೆ ಸ್ಪ್ರಿಂಗ್ ಸಾಧನವನ್ನೂ ಕೊಡುತ್ತಾರಂತೆ.

ಉತ್ತರ: ಸೇರಬೇಡಿ. ಫ್ರೆಟ್ ಪಕ್ಕದಲ್ಲೇ ಬೆರಳಿಟ್ಟರೆ ತಂತಿ ಒತ್ತಲು ಬೇಕಾಗುವ ಬಲ ತೀರಾ ಕಡಿಮೆ. ವೇಗಕ್ಕೆ ಬೇಕಾಗಿರುವುದು ಕೈ ಸಡಿಲವಾಗಿರುವುದು. ಸ್ಪ್ರಿಂಗ್ ಹಿಂಡುವ ಕೈ ಬಿಗಿಯುವುದನ್ನೇ ಕಲಿಯುತ್ತದೆ. ಇಂಥದ್ದನ್ನು ಮಾರುವವರು ಮಕ್ಕಳ ಕೈ ಹಾಳು ಮಾಡುತ್ತಿದ್ದಾರೆ, ಇದನ್ನು ನಾನು ಮೆತ್ತಗೆ ಹೇಳಲಾರೆ.

ಪ್ರಶ್ನೆ: ವೇಗದ ಅಭ್ಯಾಸ ಶುರು ಮಾಡಿದಾಗಿನಿಂದ ಮಣಿಕಟ್ಟಿನಲ್ಲಿ ನೋವಿದೆ. ನೋವು ತಡೆದುಕೊಂಡು ನುಡಿಸಿದರೆ ಕೈ ಪಳಗುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಇವತ್ತೇ ನಿಲ್ಲಿಸಿ. ಬೆರಳ ತುದಿ ಉರಿಯುವುದು ಬೇರೆ, ಅದು ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು, ಮುಂಗೈ ನೋವು, ಬೆರಳು ಜೋಮು ಹಿಡಿಯುವುದು ಪಳಗುವ ಲಕ್ಷಣವಲ್ಲ. ಹೀಗೆ ತಡೆದುಕೊಂಡು ನುಡಿಸಿದ ಒಬ್ಬ ಹುಡುಗ ಎಂಟು ತಿಂಗಳು ಗಿಟಾರ್ ಮುಟ್ಟಲಾಗದೆ ಕೂತಿದ್ದನ್ನು ನೋಡಿದ್ದೇನೆ. ಮೊದಲು ವೈದ್ಯರಿಗೆ ತೋರಿಸಿ. ಅವರು ನುಡಿಸಬಹುದು ಅಂದ ಮೇಲೆ ಮೆಟ್ರೋನೋಮನ್ನು 60ಕ್ಕೆ ಇಳಿಸಿ, ಹತ್ತು ನಿಮಿಷಕ್ಕೊಮ್ಮೆ ಕೈ ಕೆಳಗೆ ಬಿಟ್ಟು ಕೂತು, ಆ ಮೂರನೇ ತಂತಿಯ ಬೆಂಡಿನಿಂದ ಶುರು ಮಾಡಿ. ಅದೂ ನೋವಾದರೆ ಅವತ್ತಿಗೆ ಗಿಟಾರ್ ಪೆಟ್ಟಿಗೆಗೆ ಹಾಕಿಬಿಡಿ.