ಪ್ರಿವ್ಯೂನಲ್ಲಿ ಕಾಣುವ ಮೈನಸ್ ಎಲ್ಲ ಸುಳ್ಳಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಕ್ಲೌಡ್‌ಗೆ ಡಿಪ್ಲಾಯ್ ಮಾಡುವ ಮುಂಚೆ ಏನೇನು ಬದಲಾಗುತ್ತೆ ಅಂತ ಹೇಳುವ ಪ್ರಿವ್ಯೂ ಬೇಡದ್ದನ್ನೆಲ್ಲ ತೋರಿಸುತ್ತೆ, ಅದರ ಬಾಯಿ ಮುಚ್ಚಿಸುವುದು ಹೇಗೆ? ಹಿಂದೆ ಚಿಕ್ಕದಾಗಿ ಉತ್ತರಿಸಿದ್ದೆ, ಸಾಲಲಿಲ್ಲ ಅನ್ನಿಸುತ್ತೆ. ಪ್ರಿವ್ಯೂ ಯಾಕೆ ಬೇಕು ಅನ್ನುವುದರಿಂದ ಶುರು ಮಾಡುವಷ್ಟು ತಾಳ್ಮೆ ನನಗಿಲ್ಲ. ನೇರ ಪ್ರಶ್ನೆಗೆ ಬರುತ್ತೇನೆ.

ಪ್ರಶ್ನೆ: ನಾವು ಅಝೂರ್‌ನಲ್ಲಿ (ಮೈಕ್ರೋಸಾಫ್ಟ್‌ನ ಕ್ಲೌಡ್) ಬೈಸೆಪ್ ಬಳಸುತ್ತೇವೆ, ಅಂದರೆ ಕ್ಲೌಡ್‌ನಲ್ಲಿ ಏನೇನು ಇರಬೇಕು ಅಂತ ಟೆಂಪ್ಲೇಟ್ ಫೈಲ್‌ನಲ್ಲಿ ಬರೆದಿಡುವ ಭಾಷೆ. ಒಂದು ಟ್ಯಾಗ್ ಬದಲಿಸಿದರೂ ಅದರ ಪ್ರಿವ್ಯೂ ಆದ ವಾಟ್-ಇಫ್ ನೂರಾರು ಸಾಲು ಕಾರುತ್ತದೆ. ಮೈನಸ್ ಗುರುತಿನ, ಅಂದರೆ ಅಳಿಯುತ್ತೆ ಅನ್ನುವ ಸಾಲುಗಳನ್ನೆಲ್ಲ ಗ್ರೆಪ್‌ನಿಂದ (ಪಠ್ಯದಲ್ಲಿ ಸಾಲು ಹುಡುಕುವ ಕಮಾಂಡ್) ತೆಗೆಯುವ ಸ್ಕ್ರಿಪ್ಟ್ ಒಂದು ಸಿಕ್ಕಿದೆ. ಬಳಸಬಹುದಾ?

ಮೊದಲು ಆ ಸ್ಕ್ರಿಪ್ಟ್ ಅಳಿಸಿ. ಆಮೇಲೆ ಮುಂದೆ ಓದಿ.

ಇಡೀ ರಿಸೋರ್ಸ್ (ಡೇಟಾಬೇಸ್, ನೆಟ್‌ವರ್ಕ್‌ನಂಥದ್ದು) ಹೋಗುವಾಗಲೂ ಮೈನಸ್ ಬರುತ್ತದೆ, ಅದರೊಳಗಿನ ಒಂದು ಪ್ರಾಪರ್ಟಿ (ಸೆಟ್ಟಿಂಗ್) ಹೋಗುವಾಗಲೂ ಮೈನಸ್ ಬರುತ್ತದೆ. ಗ್ರೆಪ್‌ಗೆ ಎರಡೂ ಒಂದೇ. ನೀವು ಟೆಂಪ್ಲೇಟ್‌ನಲ್ಲಿ ಇಲ್ಲದ ರಿಸೋರ್ಸ್‌ಗಳನ್ನು ಅಳಿಸುವ ಕಂಪ್ಲೀಟ್ ಮೋಡ್‌ನಲ್ಲಿ ಡಿಪ್ಲಾಯ್ ಮಾಡುವವರಾದರೆ, ಡೇಟಾಬೇಸ್ ಹೋಗುವ ಸಾಲನ್ನೂ ಅದು ಸದ್ದಿಲ್ಲದೆ ನುಂಗುತ್ತದೆ.

ಪ್ರಾಪರ್ಟಿಯ ಮೈನಸ್ ಯಾಕೆ ಬರುತ್ತೆ? ನೀವು ಬರೆಯದೆ ಬಿಟ್ಟ ಪ್ರಾಪರ್ಟಿಗೆ ಅಝೂರ್ ತಾನೇ ಒಂದು ಡಿಫಾಲ್ಟ್ ತುಂಬಿರುತ್ತದೆ. ಕ್ಲೌಡ್‌ನಲ್ಲಿ ಇದೆ, ಟೆಂಪ್ಲೇಟ್‌ನಲ್ಲಿ ಇಲ್ಲ, ಹಾಗಾದರೆ ಹೋಗುತ್ತೆ ಅಂತ ವಾಟ್-ಇಫ್ ಲೆಕ್ಕ ಹಾಕುತ್ತದೆ. ಡಿಪ್ಲಾಯ್ ಆದಾಗ ಅದೇ ಡಿಫಾಲ್ಟ್ ಮತ್ತೆ ಬಂದು ಕೂರುತ್ತದೆ. ಇದು ಶುದ್ಧ ಸುಳ್ಳು ಎಚ್ಚರಿಕೆ. ಆದರೆ ಯಾರೋ ಅಝೂರ್‌ನ ವೆಬ್ ಪೋರ್ಟಲ್‌ಗೆ ಹೋಗಿ ಆ ವ್ಯಾಲ್ಯೂ ಬದಲಿಸಿದ್ದರೆ? ಆಗ ಬರುವುದೂ ಇಂಥದ್ದೇ ಮೈನಸ್ ಸಾಲು. ಆದರೆ ಈ ಸಲ ಅದು ನಿಜ. ಬರೆಯದ ಪ್ರಾಪರ್ಟಿ ಸಾಮಾನ್ಯವಾಗಿ ಡಿಫಾಲ್ಟ್‌ಗೆ ವಾಪಸ್ ಹೋಗುತ್ತದೆ. "ಇನ್‌ಕ್ರಿಮೆಂಟಲ್ ಮೋಡ್ ಅಲ್ವಾ, ಇದ್ದದ್ದು ಇದ್ದ ಹಾಗೇ ಇರುತ್ತೆ" ಅಂತ ಪಾಠ ಹೇಳಿಕೊಡುವವರ ಬಾಯಲ್ಲೇ ಕೇಳಿದ್ದೇನೆ. ತಪ್ಪು. ಟೆಂಪ್ಲೇಟ್‌ನಲ್ಲಿ ಇಲ್ಲದ ರಿಸೋರ್ಸ್ ಉಳಿಯುತ್ತದೆ, ಪ್ರಾಪರ್ಟಿಗೆ ಆ ಭರವಸೆ ಇಲ್ಲ.

ಇದನ್ನು ನಾನು ಕಲಿತಿದ್ದು ಪೆಟ್ಟು ತಿಂದೇ. ಹಿಂದೆ ಇದ್ದ ಒಂದು ತಂಡದಲ್ಲಿ ಇಂಥದ್ದೇ ಫಿಲ್ಟರ್ ಬರೆದವನು ನಾನೇ. ಒಂದು ರಾತ್ರಿ ತುರ್ತು ಅಂತ ಯಾರೋ ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್‌ಗೆ (ಯಾವ ಟ್ರಾಫಿಕ್ ಬಿಡಬೇಕು ಅನ್ನುವ ರೂಲ್‌ಗಳ ಪಟ್ಟಿ) ಕೈಯಿಂದ ಒಂದು ರೂಲ್ ಸೇರಿಸಿದರು. ಬೈಸೆಪ್ ಫೈಲ್‌ಗೆ ಹಾಕಲು ಮರೆತರು. ಬೆಳಿಗ್ಗೆ ಪ್ರಿವ್ಯೂ ಅದನ್ನು ಸರಿಯಾಗಿಯೇ ಮೈನಸ್ ಅಂತ ತೋರಿಸಿತ್ತು. ನನ್ನ ಫಿಲ್ಟರ್ ಅದನ್ನು ತಿಂದಿತ್ತು. ಡಿಪ್ಲಾಯ್ ಆಯಿತು, ರೂಲ್ ಹೋಯಿತು, ಕನೆಕ್ಷನ್ ನಿಂತಿತು. ಪ್ರಿವ್ಯೂ ನೋಡಿದ್ದೀರಾ ಅಂತ ಕೇಳಿದವರಿಗೆ ನೋಡಿದ್ದೇವೆ ಅಂದೆವು. ನೋಡಿದ್ದು ಹೌದು, ಸೋಸಿದ ಮೇಲೆ!

ಈಗ ಮಾಡುವುದು ಹೀಗೆ. ಬಣ್ಣಬಣ್ಣದ ಪಠ್ಯ ಬಿಟ್ಟು ಜೇಸನ್ ರೂಪದ ಔಟ್‌ಪುಟ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಪ್ರತಿ ಪ್ರಾಪರ್ಟಿಯ ಪಾತ್, ಬದಲಾವಣೆಯ ಬಗೆ, ಹಳೆ ವ್ಯಾಲ್ಯೂ, ಹೊಸ ವ್ಯಾಲ್ಯೂ ಬೇರೆಬೇರೆಯಾಗಿ ಇರುತ್ತವೆ. ನನ್ನ ಪ್ರತಿ ಫಿಲ್ಟರ್ ನಿಯಮದಲ್ಲೂ ರಿಸೋರ್ಸ್‌ನ ಟೈಪ್, ಪಾತ್, ಬದಲಾವಣೆಯ ಬಗೆ ಮೂರೂ ಇರಬೇಕು. ಎಲ್ಲರೂ ಬಿಡುವುದು ನಾಲ್ಕನೆಯದನ್ನು: ಈಗಿರುವ ವ್ಯಾಲ್ಯೂ ಏನು? ಅದು ಡಿಫಾಲ್ಟ್ ಆಗಿದ್ದರೆ ಮಾತ್ರ ಸಾಲು ಮರೆಗೆ ಹೋಗುತ್ತದೆ. ಒಂದಕ್ಷರ ಬೇರೆ ಇದ್ದರೂ ಕಾಣಿಸಲೇಬೇಕು.

ಇನ್ನೊಂದು ದೊಡ್ಡ ಗದ್ದಲ ರೆಫರೆನ್ಸ್ ಫಂಕ್ಷನ್‌ನಿಂದ, ಅಂದರೆ ಒಂದು ರಿಸೋರ್ಸ್‌ನ ವ್ಯಾಲ್ಯೂವನ್ನು ಡಿಪ್ಲಾಯ್ ಸಮಯದಲ್ಲಿ ಓದಿ ತರುವ ಫಂಕ್ಷನ್‌ನಿಂದ. ವಾಟ್-ಇಫ್‌ಗೆ ಅದನ್ನು ಬಿಡಿಸಲು ಆಗುವುದಿಲ್ಲ. ಹಾಗಾಗಿ ಈಗಿರುವ ವ್ಯಾಲ್ಯೂವನ್ನು ಬಿಡಿಸದ ಎಕ್ಸ್‌ಪ್ರೆಶನ್ ಜೊತೆ ಹೋಲಿಸಿ, ಪ್ರತಿ ಸಲವೂ ಬದಲಾಗುತ್ತೆ ಅನ್ನುತ್ತದೆ. ಹೊಸ ವ್ಯಾಲ್ಯೂ ಅಂಥ ಎಕ್ಸ್‌ಪ್ರೆಶನ್ ಆಗಿದ್ದರೆ ಅದನ್ನು "ಗೊತ್ತಿಲ್ಲ" ಅನ್ನುವ ಬೇರೆ ಗುಂಪಿಗೆ ಹಾಕಿ. ಸುಳ್ಳು ಅಂತ ಎಸೆಯಬೇಡಿ, ನಿಜವಾಗಿ ಬದಲಾಗಿದ್ದರೂ ಅದು ಹೀಗೇ ಕಾಣುತ್ತದೆ.

ಯಾವುದು ಗದ್ದಲ ಅಂತ ಊಹೆ ಮಾಡಬೇಡಿ, ಅಳೆಯಿರಿ. ಖಾಲಿ ಟೆಸ್ಟ್ ರಿಸೋರ್ಸ್ ಗ್ರೂಪ್‌ನಲ್ಲಿ ಡಿಪ್ಲಾಯ್ ಮಾಡಿ, ಏನೂ ಮುಟ್ಟದೆ ತಕ್ಷಣ ವಾಟ್-ಇಫ್ ಓಡಿಸಿ. ಆಗ ಬರುವುದಷ್ಟೇ ಗದ್ದಲ. ಈ ಪಟ್ಟಿಯನ್ನು ಪ್ರೊಡಕ್ಷನ್‌ನಿಂದ ತೆಗೆಯುವ ಸೋಮಾರಿತನ ಬೇಡ. ಅಲ್ಲಿ ಕೈಯಿಂದ ಮಾಡಿದ ತಿದ್ದುಪಡಿಗಳೂ ಪಟ್ಟಿಗೆ ಸೇರಿಬಿಡುತ್ತವೆ. ಪಟ್ಟಿ ಸಿಕ್ಕ ಮೇಲೂ ಫಿಲ್ಟರ್‌ಗೆ ಹಾರಬೇಡಿ. ಡಿಫಾಲ್ಟ್‌ಗಳನ್ನು ಬೈಸೆಪ್ ಫೈಲ್‌ನಲ್ಲೇ ಬರೆದುಬಿಟ್ಟರೆ ಮುಕ್ಕಾಲು ಗದ್ದಲ ಮೂಲದಲ್ಲೇ ನಿಲ್ಲುತ್ತದೆ. ಫೈಲ್ ಉದ್ದ ಆಗುತ್ತೆ ಅಂತ ಗೊಣಗುವವರು ಗೊಣಗಲಿ.

ಸೋಸಿದ ಸಾಲುಗಳ ಲೆಕ್ಕ ಮಾತ್ರ ಪ್ರಿವ್ಯೂ ಕೆಳಗೆ ಕಾಣುತ್ತಿರಲಿ. ನಿನ್ನೆ 41 ಇದ್ದದ್ದು ಇವತ್ತು 58 ಆಗಿದ್ದರೆ ಬಿಚ್ಚಿ ನೋಡಿ. ಇಡೀ ರಿಸೋರ್ಸ್‌ನ ಡಿಲೀಟ್, ರೋಲ್ ಅಸೈನ್‌ಮೆಂಟ್ (ಯಾರಿಗೆ ಯಾವ ಅನುಮತಿ ಅನ್ನುವುದು), ನೆಟ್‌ವರ್ಕ್ ರೂಲ್, ಇವಕ್ಕೆ ಫಿಲ್ಟರ್ ಹಾಕಲೇಬೇಡಿ. ಇದು ಅತಿಯಾಯಿತು ಅನ್ನಿಸಬಹುದು. ಅನ್ನಿಸಲಿ.

ಪ್ರಶ್ನೆ: ಟೆರಾಫಾರ್ಮ್‌ನಲ್ಲಿ (ಬೈಸೆಪ್‌ನಂಥದ್ದೇ ಇನ್ನೊಂದು ಟೂಲ್) ಬದಲಾವಣೆ ಕಡೆಗಣಿಸುವ ಇಗ್ನೋರ್ ಚೇಂಜಸ್‌ಗೆ "ಆಲ್" ಕೊಟ್ಟರೆ ಪ್ಲಾನ್, ಅಂದರೆ ಅದರ ಪ್ರಿವ್ಯೂ, ಕ್ಲೀನ್ ಆಗುತ್ತಲ್ಲಾ?

ಆಗುತ್ತೆ. ನಾಳೆ ನೀವೇ ಕೋಡ್ ಬದಲಿಸಿದರೂ ಟೆರಾಫಾರ್ಮ್ ಆ ರಿಸೋರ್ಸ್ ಅನ್ನು ಅಪ್‌ಡೇಟ್ ಮಾಡುವುದಿಲ್ಲ. ಕಡೆಗಣಿಸಬೇಕಾದ ಒಂದೆರಡು ಆಟ್ರಿಬ್ಯೂಟ್ ಹೆಸರು ಮಾತ್ರ ಬರೆಯಿರಿ.

ಪ್ರಶ್ನೆ: ಟ್ಯಾಗ್‌ನಲ್ಲಿ ಟೈಮ್‌ಸ್ಟ್ಯಾಂಪ್ ಫಂಕ್ಷನ್ ಇಟ್ಟಿದ್ದೇವೆ. ಪ್ರತಿ ಪ್ಲಾನ್‌ನಲ್ಲೂ ಬದಲಾವಣೆ ಯಾಕೆ?

ಗಡಿಯಾರ ಓಡುತ್ತಿದೆ, ಅದಕ್ಕೆ.

ಪ್ರಶ್ನೆ: ಪ್ಲಾನ್ ಅನ್ನು ಎಐಗೆ ಕೊಟ್ಟು "ಮುಖ್ಯವಾದದ್ದು ಹೇಳು" ಅಂದರೆ ಸಾಕಲ್ಲವೇ?

ಓದಲು ಸಹಾಯಕ್ಕೆ ಇಟ್ಟುಕೊಳ್ಳಿ. ಒಪ್ಪಿಗೆ ಕೊಡುವ ಕೆಲಸಕ್ಕೆ ಬೇಡ.

ಪ್ರಶ್ನೆ: ಅಮೆಜಾನ್ ಕ್ಲೌಡ್‌ನ ಇಂಥದ್ದೇ ಟೂಲ್ ಆದ ಕ್ಲೌಡ್‌ಫಾರ್ಮೇಷನ್‌ನ ಚೇಂಜ್ ಸೆಟ್‌ನಲ್ಲಿ (ಅದರ ಪ್ರಿವ್ಯೂ) ರಿಪ್ಲೇಸ್‌ಮೆಂಟ್ "ಕಂಡಿಷನಲ್" ಅಂತ ಬರುತ್ತದೆ. ಸುಮ್ನೆ ಬಿಡಬಹುದಾ?

ಬೇಡ. ಆ ರಿಸೋರ್ಸ್ ಅಳಿದು ಹೊಸದು ಹುಟ್ಟಬಹುದು ಅಂತಲೇ ಓದಿಕೊಳ್ಳಿ. ಯಾವ ಪ್ರಾಪರ್ಟಿಯಿಂದ ಹಾಗೆ ಬಂತು ಅನ್ನುವುದು ಅದೇ ಚೇಂಜ್ ಸೆಟ್‌ನ ವಿವರದಲ್ಲಿ ಇರುತ್ತದೆ. ಡೇಟಾ ಇರುವ ರಿಸೋರ್ಸ್ ಆಗಿದ್ದರೆ ಮೊದಲು ಬ್ಯಾಕಪ್ ನೋಡಿ, ಆಮೇಲೆ ಎಕ್ಸಿಕ್ಯೂಟ್ ಒತ್ತಿ.