ಅಲೆ ಬಿಟ್ಟಿ ಸಿಗುತ್ತೆ, ಮಷೀನ್ ಸಿಗಲ್ಲ

ನಿಮ್ಮ ಪತ್ರ ಎರಡು ಸಲ ಓದಿದೆ. ಅಲೆ ಹಗಲು ರಾತ್ರಿ ಅನ್ನದೆ ಬಡೀತಾನೇ ಇರುತ್ತೆ, ಬಿಸಿಲಿನ ಥರ ಸಾಯಂಕಾಲ ಮನೆಗೆ ಹೋಗಲ್ಲ, ಆದ್ರೂ ನಿಮ್ಮ ಪತ್ರಿಕೆ ಅಲೆಯಿಂದ ಕರೆಂಟ್ ತೆಗೆಯೋ ಮಾತೇ ಎತ್ತದೆ ಬರೀ ಸೋಲಾರ್ ಸೋಲಾರ್ ಅಂತ ಬರೀತಿದೆ, ಇದ್ರಲ್ಲಿ ತೈಲ ಕಂಪನಿಗಳ ಕೈವಾಡ ಇಲ್ವಾ ಅಂತ ಕೇಳಿದೀರಿ. ಕೈವಾಡ ಇದ್ದಿದ್ರೆ ಬರೆಯೋಕೆ ನಮಗೂ ಮಜಾ ಇರ್ತಿತ್ತು. ಆದ್ರೆ ಅಡ್ಡಗಾಲು ಹಾಕ್ತಿರೋದು ಮುಖ್ಯವಾಗಿ ಸಮುದ್ರಾನೇ.

ಮೊದ್ಲು ಒಂದು ತಿದ್ದುಪಡಿ. ನೀವು ಉದಾಹರಣೆ ಕೊಟ್ಟ ಫ್ರಾನ್ಸಿನ ಲಾ ರಾನ್ಸ್ ಸ್ಥಾವರ, 1966ರದ್ದು, 240 ಮೆಗಾವ್ಯಾಟ್, ಅದು ಅಲೇದಲ್ಲ, ಉಬ್ಬರವಿಳಿತದ್ದು. ಉಬ್ಬರವಿಳಿತ ಮುಖ್ಯವಾಗಿ ಚಂದ್ರನ ಕೆಲಸ, ಅಲೆ ಎಬ್ಬಿಸೋದು ಗಾಳಿ. ಗಾಳಿಗೂ ಮೂಲ ಬಿಸಿಲೇ ಆದ್ರಿಂದ ನಿಮ್ಮ ಅಲೇನೂ ಒಂಥರಾ ಸೋಲಾರೇ, ಬೇಜಾರಾಗ್ಬೇಡಿ.

ಈಗ ವಿಷ್ಯಕ್ಕೆ ಬರ್ತೀನಿ. ಎರಡು ಮೀಟರ್ ಎತ್ತರದ, ಎಂಟು ಸೆಕೆಂಡಿಗೊಂದು ಬರೋ ಒಂದೇ ಸಮನಾದ ಅಲೆ ಇದ್ರೆ, ಒಂದು ಮೀಟರ್ ಅಗಲದಲ್ಲಿ ಹತ್ತಿರ ಹತ್ತಿರ 31 ಕಿಲೋವ್ಯಾಟ್ ಹರಿದು ಬರುತ್ತೆ. ಭಾಳ ಒಳ್ಳೇ ಲೆಕ್ಕ. ಆದ್ರೆ ಎತ್ತರ ಎರಡರಷ್ಟಾದ್ರೆ ಶಕ್ತಿ ನಾಲ್ಕರಷ್ಟಾಗುತ್ತೆ, ಹಾಗಾಗಿ ಬಿರುಗಾಳಿ ದಿನ ಹತ್ತು ಮೀಟರ್ ಅಲೆ ಬಂದ್ರೆ ಎತ್ತರ ಒಂದ್ರಿಂದಾನೇ 25 ಪಟ್ಟು ಹೊಡೆತ, ಅಲೆ ಅಲೆ ನಡುವಿನ ಅಂತರಾನೂ ಜಾಸ್ತಿ ಇರೋದ್ರಿಂದ ಇನ್ನೂ ಮೇಲೆ. ಅಂದ್ರೆ ಮಷೀನು ದುಡಿಯೋದು ಎರಡು ಮೀಟರ್ ಅಲೇಲಿ, ಅದನ್ನ ಕಟ್ಟಬೇಕಾಗಿರೋದು ಹತ್ತು ಮೀಟರ್ ಅಲೆಗೆ! ಕಬ್ಬಿಣಕ್ಕೆ ಹಾಕಿದ ದುಡ್ಡು ವಾಪಸ್ ಬರೋದು ಹೇಗೆ ಹೇಳಿ.

ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ 1970ರ ದಶಕದಲ್ಲಿ, ತೈಲ ಬಿಕ್ಕಟ್ಟಿನ ಬಿಸಿಯಲ್ಲೇ, ಅಲೆಗೆ ತಲೆ ಆಡಿಸೋ ಒಂದು ಮಷೀನು ಮಾಡಿದ್ರು, ಹೆಸರು 'ಬಾತುಕೋಳಿ', ಲ್ಯಾಬಿನ ತೊಟ್ಟಿಯಲ್ಲಿ ಅದು ಅಲೆಯ ಶಕ್ತಿಯಲ್ಲಿ ಶೇ. 90ರಷ್ಟು ಹೀರ್ಕೊಳ್ತು. ತೊಟ್ಟಿಯಲ್ಲಿ ಬಿರುಗಾಳಿ ಇರಲ್ಲ, ಮೈಗೆ ಚಿಪ್ಪು ಮೆತ್ಕೊಳ್ಳಲ್ಲ ಅನ್ನೋದು ಬೇರೆ ಮಾತು. 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಅಲೆ ಕರೆಂಟಿನ ಸಂಶೋಧನೆಗೆ ಕೊಡ್ತಿದ್ದ ದುಡ್ಡು ನಿಲ್ಲಿಸ್ತು, ಖರ್ಚಿನ ಲೆಕ್ಕಾನೇ ತಪ್ಪು ಹಾಕಿದಾರೆ ಅಂತ ಸಾಲ್ಟರ್ ವಾದ ಮಾಡಿದ್ರು. ನಿಮ್ಮ ಅನುಮಾನಕ್ಕೆ ಒಂಚೂರು ಜಾಗ ಇದ್ರೆ ಅದು ಇಲ್ಲಿ, ಅದೂ ತೈಲ ಕಂಪನಿ ಮೇಲಲ್ಲ.

ಆಮೇಲೆ ಬಂದಿದ್ದು ಪೆಲಾಮಿಸ್, ಹಾವಿನಂಗೆ ಗಂಟುಗಂಟಾಗಿ ತೇಲೋ ಉದ್ದನೆ ಮಷೀನು. 2008ರಲ್ಲಿ ಪೋರ್ಚುಗಲ್ ತೀರದಾಚೆ ತಲಾ 750 ಕಿಲೋವ್ಯಾಟಿನ ಮೂರು ಬಿಟ್ರು, ಕೆಲವೇ ತಿಂಗಳಲ್ಲಿ ಬೇರಿಂಗ್ ತೊಂದ್ರೆ, ಜೊತೆಗೆ ಹಣದ ತೊಂದ್ರೆ, ವಾಪಸ್ ಬಂದರಿಗೆ ಎಳ್ಕೊಂಡು ಬಂದ್ರು. 2014ರಲ್ಲಿ ಕಂಪನೀನೇ ದಿವಾಳಿ ಅಂಚಿಗೆ ಬಂತು.

ನನಗೆ ಇಷ್ಟ ಆಗೋದು ದಡದಲ್ಲೇ ಕೂರೋ ಐಡಿಯಾ. ಕಾಂಕ್ರೀಟ್ ಕೋಣೆ ಒಂದು, ಕೆಳಗೆ ನೀರಿಗೆ ಬಾಯಿ. ಅಲೆ ಒಳಗೆ ಏರಿದ್ರೆ ಮೇಲಿನ ಗಾಳಿ ಒತ್ತಿ ಹೊರಗೆ ಹೋಗುತ್ತೆ, ಇಳಿದ್ರೆ ಗಾಳಿ ಒಳಗೆ ಎಳ್ಕೊಳುತ್ತೆ, ಆ ದಾರಿಯಲ್ಲಿ ಟರ್ಬೈನ್. ಗಾಳಿ ಹೋದ್ರೂ ಬಂದ್ರೂ ಅದು ಒಂದೇ ದಿಕ್ಕಿಗೆ ತಿರುಗುತ್ತೆ, ಇದು ಬೆಲ್‌ಫಾಸ್ಟಿನ ಅಲನ್ ವೆಲ್ಸ್ ಅವರ ಜಾಣತನ. ನೀರಿಗೆ ಸೋಕೋ ಭಾಗದಲ್ಲಿ ತಿರುಗೋ ವಸ್ತು ಒಂದೂ ಇಲ್ಲ, ಕೆಟ್ರೆ ಮೆಕ್ಯಾನಿಕ್ ನಡ್ಕೊಂಡು ಹೋಗಿ ರಿಪೇರಿ ಮಾಡ್ಬಹುದು, ದೋಣಿ ಬಾಡಿಗೆಗೆ ಹಿಡಿದು ಹವಾಮಾನ ಸರಿಹೋಗ್ಲಿ ಅಂತ ವಾರಗಟ್ಲೆ ಕಾಯೋದಿಲ್ಲ. ಕೇರಳದ ವಿಳಿಞಂನಲ್ಲಿ 1991ರಲ್ಲೇ 150 ಕಿಲೋವ್ಯಾಟಿನದು ಹೀಗೇ ಕಟ್ಟಿದ್ರು. ಸ್ಪೇನಿನ ಮುತ್ರಿಕುನಲ್ಲಿ ಬಂದರಿನ ಅಲೆತಡೆ ಗೋಡೆಯೊಳಗೇ 16 ಟರ್ಬೈನ್ ಕೂರಿಸಿ 2011ರಲ್ಲಿ ಶುರು ಮಾಡಿದ್ರು. ಎಲ್ಲಾ ಸೇರಿ 296 ಕಿಲೋವ್ಯಾಟ್. ಇವತ್ತಿನ ಒಂದೇ ಒಂದು ದೊಡ್ಡ ಗಾಳಿಯಂತ್ರದ ಹತ್ತನೇ ಒಂದು ಭಾಗಾನೂ ಇಲ್ಲ, ನಗಬೇಡಿ, ಗೋಡೆ ಹೇಗೂ ಕಟ್ಟಲೇಬೇಕಿತ್ತು.

ಹಾಗಾಗಿ ಅಲೆ ಕರೆಂಟಿನ ಬಗ್ಗೆ ಬರೀಬಾರ್ದು ಅಂತೇನಿಲ್ಲ. ನಡುನೀರಲ್ಲಿ ನಾಲ್ಕೈದು ಚಳಿಗಾಲ ಕಳೆದು ಇನ್ನೂ ಕರೆಂಟ್ ಕೊಡ್ತಿರೋ ಮಷೀನ್ ಒಂದು ಸಿಕ್ಕಿದ್ರೆ ಮುಖಪುಟದಲ್ಲೇ ಹಾಕ್ತೀನಿ, ಅಲ್ಲೀವರೆಗೂ ನಮ್ಮ ಸೋಲಾರ್ ಲೇಖನ ಒಂಚೂರು ಸಹಿಸ್ಕೊಳ್ಳಿ.

— ಸಂಪಾದಕ